ಹೊಸ ಗಾಡಿ ಕೈಕೊಟ್ಟಾಗ ಜಾಬ್ ಕಾರ್ಡ್ ಮೇಲೆ ಏನು ಬರೆಸಬೇಕು?

ಹೊಸಪೇಟೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆ ಹೊಸ ಬೈಕ್ ತಗೊಂಡವರಿಗೆ, ತಗೋಬೇಕು ಅಂತ ಇರೋರಿಗೆ, ಮತ್ತೆ ಮಗನಿಗೋ ಮಗಳಿಗೋ ಗಾಡಿ ಕೊಡಿಸಿ ತಿಂಗಳಾ ತಿಂಗಳಾ ಕಂತು ಕಟ್ಟುತ್ತಿರೋ ಅಪ್ಪ-ಅಮ್ಮಂದಿರಿಗೆ.

ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲ್ಲ, ಪೂಜೆ ಮಾಡಿದ ಅರಿಶಿನ-ಕುಂಕುಮ ಹೆಡ್‌ಲೈಟ್ ಮೇಲೆ ಹಾಗೇ ಇರುತ್ತೆ, ಅಷ್ಟರಲ್ಲೇ ಗಾಡಿಗೆ ಏನೋ ಒಂದು ಶುರುವಾಗುತ್ತೆ. ಚೈನ್ ಸದ್ದು, ಗೇರ್ ಬಿಗಿ, ಇಲ್ಲಾಂದ್ರೆ ದಾರಿ ಮಧ್ಯದಲ್ಲಿ ಎಂಜಿನ್ ಆಫ್. ಶೋರೂಮಿಗೆ ಹೋದರೆ ಒಂದೇ ಮಾತು: ‘ಹೊಸಾ ಗಾಡಿ ಹಂಗೇ ಇರ್ತದ ಸರ್, ಓಡಿಸ್ತಾ ಓಡಿಸ್ತಾ ಸರಿ ಹೋಗ್ತದ.’

ಈ ಮಾತು ಅರ್ಧ ನಿಜ. ಯಾವುದು ತಾನಾಗಿ ಸರಿಹೋಗುತ್ತೆ, ಯಾವುದು ಹೋಗಲ್ಲ ಅಂತ ಗೊತ್ತಿರಬೇಕು. ಸರಿಹೋಗದೇ ಇರೋದನ್ನ ಕಾಗದದ ಮೇಲೆ ಬರೆಸಬೇಕು. ಇವತ್ತು ನಾನು ಹೇಳೋದು ಈ ಎರಡೇ ವಿಷಯ.

ಮೊದಲು ಸರಿಹೋಗುವ ಅರ್ಧ. ಹೊಸ ಎಂಜಿನ್ ಒಳಗೆ ಪಿಸ್ಟನ್ ರಿಂಗ್, ಸಿಲಿಂಡರ್, ಗೇರ್ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳೋಕೆ ಸಮಯ ಬೇಕು. ಅದಕ್ಕೇ ಮೊದಲ ಕೆಲವು ನೂರು ಕಿಲೋಮೀಟರ್, ಕೆಲವು ಕಂಪನಿ ಪ್ರಕಾರ 1000 ಕಿಲೋಮೀಟರ್‌ವರೆಗೆ, ಜೋರಾಗಿ ಎಳೆಯಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ಈ ಅವಧಿಯಲ್ಲಿ ಗೇರ್ ಸ್ವಲ್ಪ ಬಿಗಿ ಇರೋದು, ಮೊದಲ ಒಂದೆರಡು ದಿನ ಸೈಲೆನ್ಸರ್‌ನಿಂದ ಸುಟ್ಟ ವಾಸನೆ ಬರೋದು, ಹೊಸ ಚೈನ್ ಬೇಗ ಲೂಸ್ ಆಗೋದು, ಮೈಲೇಜ್ ಸ್ವಲ್ಪ ಕಡಿಮೆ ಬರೋದು, ಇವೆಲ್ಲ ಸಹಜ. ಮೊದಲ ಸರ್ವಿಸ್‌ನಲ್ಲಿ ಆಯಿಲ್ ಬದಲಾಯಿಸೋದೂ ಇದಕ್ಕೇ. ಹೊಂದಿಕೊಳ್ಳುವಾಗ ಸವೆದ ಲೋಹದ ಪುಡಿ ಆ ಆಯಿಲ್‌ನಲ್ಲಿ ಸೇರಿರುತ್ತೆ.

ಇನ್ನು ಸರಿಹೋಗದ ಅರ್ಧ. ಆಯಿಲ್ ಸೋರಿಕೆ, ಬ್ರೇಕ್ ಒಂದು ಕಡೆಗೆ ಎಳೆಯೋದು, ಹ್ಯಾಂಡಲ್ ಅಲ್ಲಾಡೋದು, ಎಂಜಿನ್ ಚಿಹ್ನೆಯ ಹಳದಿ ದೀಪ ಉರಿಯುತ್ತಲೇ ಇರೋದು, ಓಡುವಾಗ ಎಂಜಿನ್ ನಿಲ್ಲೋದು. ಇವು ಎಷ್ಟು ಕಿಲೋಮೀಟರ್ ಓಡಿಸಿದರೂ ಹೊಂದಿಕೊಳ್ಳುವ ಜಾತಿಯವಲ್ಲ. ಇದರಲ್ಲಿ ಒಂದು ಕಂಡರೂ ‘ಮೊದಲ ಸರ್ವಿಸ್‌ಗೆ ನೋಡೋಣ’ ಅಂತ ಕಾಯಬೇಡಿ. ಅವತ್ತೇ ಹೋಗಿ.

ನನ್ನ ಗಾಡಿಯಲ್ಲಿ ಬಂದದ್ದು ಕೊನೆಯದು. ಓಡುತ್ತಾ ಇರುವಾಗ ಎಂಜಿನ್ ಆಫ್. ಕಂಪನಿ ಹೆಸರು, ಶೋರೂಮ್ ಹೆಸರು ಹೇಳಲ್ಲ, ಯಾವ ಕಂಪನಿಯ ಗಾಡಿಗೂ ಆಗಬಹುದಾದ ಕಥೆ ಇದು. ತಗೊಂಡು ಹತ್ತು ದಿನ ಆಗಿತ್ತು. ಸಂಡೂರು ರಸ್ತೆಯ ಒಂದು ಪೆಟ್ರೋಲ್ ಬಂಕ್‌ನಿಂದ ಹೊರಗೆ ಬಂದು ಬಲಕ್ಕೆ ತಿರುಗುತ್ತಿದ್ದೆ. ಹಿಂದೆ ಅಮ್ಮ ಕೂತಿದ್ದರು. ರಸ್ತೆ ಮಧ್ಯ ಎಂಜಿನ್ ಸತ್ತೇ ಹೋಯ್ತು. ಎದುರಿಗೆ ಅದಿರಿನ ಲಾರಿ. ಕ್ಲಚ್ ಹಿಡಿದು ಕಾಲಲ್ಲಿ ತಳ್ಳಿಕೊಂಡು ಪಕ್ಕಕ್ಕೆ ಬಂದ್ವಿ, ಏನೂ ಆಗಲಿಲ್ಲ. ಸಂಡೂರು ರಸ್ತೆಯಲ್ಲಿ ಓಡಾಡೋರಿಗೆ ಗೊತ್ತು, ತುಂಬಿದ ಲಾರಿ ಬ್ರೇಕ್ ಹಾಕಿದ ಕೂಡಲೇ ನಿಲ್ಲಲ್ಲ. ಅಮ್ಮ ಆಮೇಲೆ ಒಂದು ವಾರ ಗಾಡಿ ಹತ್ತಲಿಲ್ಲ.

ಶೋರೂಮಿಗೆ ಹೋದೆ. ಸ್ಕ್ಯಾನರ್ ಹಾಕಿದರು, ಯಾವ ಎರರ್ ಕೋಡೂ ಬರಲಿಲ್ಲ. ಹುಡುಗ ಒಬ್ಬ ಬೈಪಾಸ್‌ನಲ್ಲಿ ಒಂದು ರೌಂಡ್ ಹೊಡೆದು ಬಂದು, ‘ಏನೂ ಇಲ್ಲಣ್ಣ, ಮಸ್ತ್ ಐತಿ’ ಅಂದ. ಜಾಬ್ ಕಾರ್ಡ್ ನೋಡಿದರೆ ‘ಜನರಲ್ ಚೆಕಪ್’ ಅಂತಿದೆ. ಎರಡನೇ ಸಲ ಹೋದಾಗ ಸ್ಪಾರ್ಕ್ ಪ್ಲಗ್ ಕ್ಲೀನ್ ಮಾಡಿದರು. ಜಾಬ್ ಕಾರ್ಡ್‌ನಲ್ಲಿ ಮತ್ತೆ ‘ಜನರಲ್ ಚೆಕಪ್’. ನಾನು ಹೇಳಿದ್ದು ಒಂದು, ಅವರು ಬರೆದದ್ದು ಇನ್ನೊಂದು.

ನಾನು ಓದಿದ್ದು ಬಿ.ಕಾಂ. ಎಂಜಿನ್ ಬಗ್ಗೆ ಕಾಲೇಜಲ್ಲಿ ಒಂದಕ್ಷರ ಕಲಿಸಲಿಲ್ಲ. ಆದರೆ ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅನ್ನೋದನ್ನ ಚೆನ್ನಾಗಿ ಕಲಿಸಿದ್ದಾರೆ. ಮೊದಲ ಸಲ ಎಂಜಿನ್ ನಿಂತ ದಿನದಿಂದಲೇ ಮೊಬೈಲಿನಲ್ಲಿ ಬರೆದಿಡ್ತಿದ್ದೆ. ತಾರೀಖು, ಸಮಯ, ಎಷ್ಟು ಕಿಲೋಮೀಟರ್, ಯಾವ ಜಾಗ, ಎಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಯಾವ ಗೇರ್, ಆಗ ನಾನು ಏನು ಮಾಡ್ತಿದ್ದೆ. ಅಂಗಡಿಯವರು ದಿನವಹಿ ಬರೆಯೋ ಹಾಗೆ.

ಒಂಬತ್ತು ಎಂಟ್ರಿ ಆದ ಮೇಲೆ ಕೂತು ಓದಿದೆ. ಹೊಸಪೇಟೆ ಬಿಸಿಲಿಗೆ ಎಂಜಿನ್ ಕಾದು ನಿಲ್ಲುತ್ತಿರಬೇಕು ಅಂತ ಎಲ್ಲರೂ ಹೇಳ್ತಿದ್ದರು. ಆದರೆ ಎರಡು ಸಲ ಬೆಳಿಗ್ಗೆ ಆರೂವರೆಗೆ, ಮನೆ ಗೇಟಿನಲ್ಲೇ ನಿಂತಿತ್ತು. ಬಿಸಿ ಕಾರಣ ಅಲ್ಲ. ಕಂಪ್ಲಿಯಲ್ಲಿ ಹಾಕಿಸಿದ ಪೆಟ್ರೋಲ್ ಸರಿ ಇಲ್ಲ ಅಂದರು ಒಬ್ಬರು. ಮೂರು ಬೇರೆ ಬೇರೆ ಬಂಕ್‌ನ ಪೆಟ್ರೋಲ್‌ನಲ್ಲೂ ನಿಂತಿದೆ. ಅದೂ ಅಲ್ಲ. ಉಳಿದದ್ದು ಜಾಗ. ಬಂಕ್‌ನಿಂದ ಹೊರಗೆ ಬರುವಾಗ, ಡಿವೈಡರ್ ಹತ್ತಿರ ಯೂ ಟರ್ನ್, ಹಂಪಿಯ ಪಾರ್ಕಿಂಗ್‌ನಲ್ಲಿ ಗಾಡಿ ತಿರುಗಿಸುವಾಗ, ಮನೆ ಗೇಟು. ಒಂಬತ್ತಕ್ಕೆ ಒಂಬತ್ತೂ ನಿಧಾನ, ಒಂಬತ್ತಕ್ಕೆ ಒಂಬತ್ತೂ ಹ್ಯಾಂಡಲ್ ಪೂರ್ತಿ ಬಲಕ್ಕೆ. ಬೈಪಾಸ್‌ನಲ್ಲಿ ನೇರ ಓಡಿಸಿದ ಹುಡುಗನಿಗೆ ಸಿಗಲಿಲ್ಲ ಅಂದರೆ ಅದು ಅವನ ಸುಳ್ಳಲ್ಲ, ಅಲ್ಲಿ ಅದು ಸಿಗೋದೇ ಇಲ್ಲ.

ಮೂರನೇ ಸಲ ಹೋದಾಗ ಆ ಪಟ್ಟಿ ಪ್ರಿಂಟ್ ತಗೊಂಡು ಹೋದೆ. ಸರ್ವಿಸ್ ಅಡ್ವೈಸರ್‌ಗೆ ಮರ್ಯಾದೆಯಿಂದಲೇ ಹೇಳಿದೆ, ‘ಸರ್, ಜನರಲ್ ಚೆಕಪ್ ಬೇಡ. ನಿಧಾನದಲ್ಲಿ ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಂಜಿನ್ ಆಫ್ ಆಗುತ್ತೆ, ಇದುವರೆಗೆ ಒಂಬತ್ತು ಸಲ ಆಗಿದೆ ಅಂತ ಬರೀರಿ.’ ಬರೆದರು. ಒಳಗಿಂದ ಒಬ್ಬ ಹಿರಿಯ ಮೆಕ್ಯಾನಿಕ್ ಬಂದು ಕಾರ್ಡ್ ಓದಿ, ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಹ್ಯಾಂಡಲ್ ಬಲಕ್ಕೆ ತಿರುಗಿಸಿದರು. ಆಫ್. ಮತ್ತೆ ಸ್ಟಾರ್ಟ್, ಮತ್ತೆ ತಿರುಗಿಸಿದರು. ಆಫ್. ‘ವೈರ್ ಕಟ್ ಆಗೇದ ನೋಡ್ರಿ’ ಅಂದರು.

ಹೆಡ್‌ಲೈಟ್ ಹಿಂದೆ, ಹ್ಯಾಂಡಲ್ ತಿರುಗೋ ಜಾಗದಲ್ಲಿ, ವೈರಿಂಗ್ ಕಟ್ಟಿದ ಪ್ಲಾಸ್ಟಿಕ್ ಟ್ಯಾಗ್ ತೀರಾ ಬಿಗಿಯಾಗಿತ್ತು. ತಿರುಗಿಸಿದಾಗಲೆಲ್ಲ ಇಗ್ನಿಷನ್ ವೈರ್ ಎಳೆದೂ ಎಳೆದೂ, ಮೇಲಿನ ರಬ್ಬರ್ ಹಾಗೇ ಇದ್ದು ಒಳಗಿನ ತಾಮ್ರ ತುಂಡಾಗಿತ್ತು. ಸ್ಕ್ಯಾನರ್‌ಗೆ ಯಾಕೆ ಸಿಗಲಿಲ್ಲ ಅಂದರೆ, ಎರರ್ ಕೋಡ್ ಬರೆದಿಡುವ ಪುಟ್ಟ ಕಂಪ್ಯೂಟರ್‌ಗೂ ಕರೆಂಟ್ ಹೋಗೋದು ಅದೇ ವೈರ್‌ನಿಂದ. ಕರೆಂಟೇ ಹೋದ ಮೇಲೆ ಅದು ಬರೆಯೋದು ಏನನ್ನ? ವೈರಿಂಗ್ ಪೂರ್ತಿ ಬದಲಾಯಿಸಿದರು, ವಾರಂಟಿಯಲ್ಲಿ, ಒಂದು ರೂಪಾಯಿ ತಗೊಳ್ಳಲಿಲ್ಲ. ಎರಡು ಸಲ ಹೋಗಿ ಸಿಗದೇ ಇದ್ದದ್ದು ಸರಿಯಾದ ಒಂದು ಸಾಲು ಬರೆದ ಮೇಲೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಜಾಬ್ ಕಾರ್ಡ್ ಬರೆಯೋರು ಒಬ್ಬರು, ಗಾಡಿ ಬಿಚ್ಚೋರು ಇನ್ನೊಬ್ಬರು. ಒಳಗಿರೋರಿಗೆ ತಲುಪೋದು ಆ ಕಾಗದ ಮಾತ್ರ.

ಈಗ ನಮ್ಮ ಊರುಗಳ ರಸ್ತೆಗೆ ಬರೋಣ. ಯಾಕಂದರೆ ಶೋರೂಮಿನವರು ಹೇಳೋ ಎರಡನೇ ಮಾತು: ‘ಇದು ನಮ್ಮ ಗಾಡಿ ತಪ್ಪಲ್ಲ, ನಿಮ್ಮ ರಸ್ತೆ ತಪ್ಪು.’ ಇದರಲ್ಲೂ ಸ್ವಲ್ಪ ಸತ್ಯ ಇದೆ.

ಸಂಡೂರು ಕಡೆ, ದೋಣಿಮಲೈ ಕಡೆ ದಿನಾ ಓಡಾಡೋರ ಗಾಡಿ ನೋಡಿ, ಕಪ್ಪು ಗಾಡಿಯೂ ಕೆಂಪಾಗಿರುತ್ತೆ. ಅದಿರಿನ ಪುಡಿ ಏರ್ ಫಿಲ್ಟರ್‌ನಲ್ಲಿ ತುಂಬಿದರೆ ಎಂಜಿನ್‌ಗೆ ಗಾಳಿ ಸಾಲಲ್ಲ, ಪಿಕಪ್ ಬಿದ್ದುಹೋಗುತ್ತೆ. ಚೈನ್‌ಗೆ ಹಾಕಿದ ಎಣ್ಣೆಗೆ ಅದೇ ಪುಡಿ ಅಂಟಿಕೊಂಡು ಅರದ ಹಾಗೆ ಉಜ್ಜುತ್ತೆ. ಧೂಳಿರುವ ಕಡೆ ಫಿಲ್ಟರ್ ಬೇಗ ಬದಲಾಯಿಸಿ ಅಂತ ಕಂಪನಿ ಪುಸ್ತಕದಲ್ಲೇ ಇರುತ್ತೆ. ಫಿಲ್ಟರ್, ಬ್ರೇಕ್ ಶೂ, ಕ್ಲಚ್ ಪ್ಲೇಟ್, ಚೈನ್, ಇಂಥ ಸವೆಯುವ ಸಾಮಾನು ಸಾಮಾನ್ಯವಾಗಿ ವಾರಂಟಿಗೆ ಬರಲ್ಲ.

ಕಂಪ್ಲಿ ಕಡೆಯದ್ದು ಬೇರೆ ಕಷ್ಟ. ನಾಟಿ ಸಮಯದಲ್ಲಿ ಟ್ರ್ಯಾಕ್ಟರ್‌ಗಳು ಗದ್ದೆ ಕೆಸರನ್ನ ರಸ್ತೆಗೆ ತರುತ್ತವೆ, ಅದು ಒಣಗಿ ಚಕ್ರದಲ್ಲಿ, ಚೈನ್‌ನಲ್ಲಿ ಗಟ್ಟಿಯಾಗುತ್ತೆ. ಮಳೆಗಾಲದಲ್ಲಿ ಡ್ಯಾಮ್‌ನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮೇಲೇ ನೀರು. ಹರಿಯುವ ನೀರಿಗೆ ಗಾಡಿ ಇಳಿಸಲೇಬೇಡಿ. ಎಲ್ಲಾದರೂ ನಿಂತ ನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸೆಲ್ಫ್ ಒತ್ತಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಅದಕ್ಕೆ ವಾರಂಟಿ ಸಿಗೋದು ಕಷ್ಟ. ತಳ್ಳಿಕೊಂಡು ಬನ್ನಿ.

ಹಂಪಿ ಸುತ್ತ ಬೇಸಿಗೆಯಲ್ಲಿ ನೆಂಟರನ್ನ ಹಿಂದೆ ಕೂರಿಸಿಕೊಂಡು ಕಮಲಾಪುರದಿಂದ ವಿರೂಪಾಕ್ಷ ಗುಡಿವರೆಗೆ ಫಸ್ಟ್, ಸೆಕೆಂಡ್ ಗೇರ್‌ನಲ್ಲಿ ಅರ್ಧ ಕ್ಲಚ್ ಹಿಡಿದು ಓಡಿಸಿದರೆ ಎಂಜಿನ್ ಕಾಯುತ್ತೆ, ಕ್ಲಚ್ ಸವೆಯುತ್ತೆ. ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗೆ ಗಾಡಿ ಓಡಿದರೇನೇ ಗಾಳಿ.

ಆದರೆ ಧೂಳು, ಕೆಸರು, ಬಿಸಿಲು ಕೆಡಿಸೋದು ಇಂಥ ಸಾಮಾನನ್ನ. ಟ್ಯಾಗ್ ಬಿಗಿ ಕಟ್ಟಿದ್ದು ಧೂಳಲ್ಲ. ‘ರಸ್ತೆ ತಪ್ಪು’ ಅಂದರೆ, ‘ಯಾವ ಭಾಗ, ಯಾವ ಕಾರಣಕ್ಕೆ ಕೆಟ್ಟಿದೆ ಅಂತ ಜಾಬ್ ಕಾರ್ಡ್‌ನಲ್ಲೇ ಬರೆದುಕೊಡಿ’ ಅಂತ ಕೇಳಿ. ಮತ್ತೆ ನಿಮ್ಮ ಕಡೆಯಿಂದ ಎರಡು ವಿಷಯ ಗಟ್ಟಿ ಇರಲಿ. ಸರ್ವಿಸ್ ಎಲ್ಲ ಹೇಳಿದ ಸಮಯಕ್ಕೆ, ಕಂಪನಿ ಒಪ್ಪಿದ ಕಡೆಯೇ ಆಗಿರಲಿ. ವಾರಂಟಿ ಮುಗಿಯೋವರೆಗೆ ಹೊರಗಿನ ಎಲ್‌ಇಡಿ, ದೊಡ್ಡ ಹಾರ್ನ್ ಅಂತ ವೈರ್ ಕತ್ತರಿಸಿ ಜೋಡಿಸೋದು ಬೇಡ. ಕತ್ತರಿಸಿದ ಒಂದು ವೈರ್ ಸಾಕು, ಕರೆಂಟಿಗೆ ಸಂಬಂಧಪಟ್ಟ ವಾರಂಟಿಯನ್ನೇ ನಿರಾಕರಿಸೋಕೆ.

ಕೆಲವು ಸಲ ತಪ್ಪು ಒಂದು ಗಾಡಿಯದ್ದಲ್ಲ, ಒಂದು ಬ್ಯಾಚಿನದ್ದೇ ಇರುತ್ತೆ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ಭಾರತವೂ ಸೇರಿ ಹಲವು ದೇಶಗಳಲ್ಲಿ 2,36,966 ಗಾಡಿಗಳನ್ನ ವಾಪಸ್ ಕರೆಸಿತ್ತು. ಇದಕ್ಕೆ ರೀಕಾಲ್ ಅಂತಾರೆ. ಹೀಗೆ ಕರೆಸಿದಾಗ ಆ ಭಾಗವನ್ನ ಉಚಿತವಾಗಿ ಬದಲಾಯಿಸಿಕೊಡ್ತಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ, ದೋಷ ಇರುವ ಗಾಡಿಗಳನ್ನ ವಾಪಸ್ ಕರೆಸಿ ಅಂತ ಕೇಂದ್ರ ಸರ್ಕಾರವೇ ಕಂಪನಿಗೆ ಆದೇಶ ಮಾಡಬಹುದು. ನಿಮ್ಮ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಇಟ್ಟುಕೊಂಡು, ಈ ಗಾಡಿಗೆ ರೀಕಾಲ್ ಇದೆಯಾ ಅಂತ ಕಂಪನಿಯನ್ನ ಕೇಳಿ.

ಇಷ್ಟಾದರೂ ಕೆಲಸ ಆಗಲಿಲ್ಲ ಅಂದರೆ? ಕೂಗಾಡಬೇಡಿ, ಶೋರೂಮ್ ಮುಂದೆ ವಿಡಿಯೋ ಮಾಡೋಕೂ ಹೋಗಬೇಡಿ. ಮೊದಲು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್, ಜಾಬ್ ಕಾರ್ಡ್‌ಗಳ ಫೋಟೋ ಸಮೇತ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2021ರಲ್ಲಿ ಜಿಲ್ಲೆ ಒಡೆದಾಗ ಹೊಸಪೇಟೆ ವಿಜಯನಗರಕ್ಕೆ ಬಂತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಾಗಾಗಿ ಕಂಪ್ಲಿಯವರು ಹೊಸಪೇಟೆಯಲ್ಲಿ ಗಾಡಿ ತಗೊಂಡಿದ್ದರೂ ಬಳ್ಳಾರಿಯಲ್ಲೇ ದೂರು ಹಾಕಬಹುದು. ಸಾಮಾನಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತೊಂದರೆ ಆದ 2 ವರ್ಷದೊಳಗೆ ಹಾಕಬೇಕು.

ಅಲ್ಲಿ ಏನು ಕೇಳಬೇಕು ಅನ್ನೋದೂ ಮುಖ್ಯ. ‘ಹೊಸ ಗಾಡಿಯೇ ಕೊಡಿ’ ಅಂತ ಎಲ್ಲರೂ ಕೇಳ್ತಾರೆ. 2006ರಲ್ಲಿ ಮಾರುತಿ ಕಾರೊಂದರ ಕ್ಲಚ್ ದೋಷದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ಭಾಗ ಬದಲಾಯಿಸಿದರೆ ಸರಿಹೋಗುವಾಗ ಇಡೀ ವಾಹನ ಬದಲಾಯಿಸಿ ಅನ್ನೋದು ಸರಿಯಲ್ಲ ಅಂತ ಹೇಳಿದೆ. ಅದೇ ದೋಷ ಮತ್ತೆ ಮತ್ತೆ ಬಂದಿದೆ, ರಿಪೇರಿಗೆ ಬಗ್ಗಿಲ್ಲ ಅಂತ ತೋರಿಸಿದಷ್ಟೂ ನಿಮ್ಮ ಕೇಸ್ ಗಟ್ಟಿ. ತೋರಿಸೋದು ಹೇಗೆ? ಮತ್ತೆ ಅದೇ ಜಾಬ್ ಕಾರ್ಡ್‌ನಿಂದ. ನಾಲ್ಕು ಕಾರ್ಡ್‌ನಲ್ಲೂ ‘ಜನರಲ್ ಚೆಕಪ್’ ಅಂತಿದ್ದರೆ, ಕಾಗದದ ಪ್ರಕಾರ ನಿಮ್ಮ ಗಾಡಿಗೆ ಏನೂ ಆಗೇ ಇಲ್ಲ.

ಇನ್ನೊಂದು ಮಾತು. ಗಾಡಿ ಸರಿ ಇಲ್ಲ ಅಂತ ಸಿಟ್ಟಿಗೆ ಕಂತು ಕಟ್ಟೋದು ನಿಲ್ಲಿಸಬೇಡಿ. ಸಾಲ ನಿಮಗೂ ಫೈನಾನ್ಸ್‌ನವರಿಗೂ ಇರುವ ಒಪ್ಪಂದ. ನಿಲ್ಲಿಸಿದರೆ ಬಡ್ಡಿ ನಿಮಗೆ, ಹಾಳಾಗೋ ಸಿಬಿಲ್ ಸ್ಕೋರ್ ನಿಮ್ಮದು. ಶೋರೂಮಿನವರಿಗೆ ಅವರ ದುಡ್ಡು ಮೊದಲ ದಿನವೇ ಬಂದಿದೆ.

ಕೊನೆಗೆ ಮೂರೇ ವಿಷಯ ಇಟ್ಕೊಳ್ಳಿ. ತೊಂದರೆ ಆದ ತಕ್ಷಣ ಬರೆದಿಡಿ: ಎಲ್ಲಿ, ಯಾವಾಗ, ಏನು ಮಾಡುವಾಗ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತೇ ಇದೆಯಾ ಅಂತ ಓದಿ, ಆಮೇಲೆ ಸಹಿ ಹಾಕಿ. ಅದರ ಒಂದು ಪ್ರತಿ ಇಲ್ಲದೆ ಅಲ್ಲಿಂದ ಹೊರಡಬೇಡಿ. ಪ್ರತಿ ಕೊಡಲ್ಲ ಅಂದರೆ ಫೋಟೋನಾದರೂ ತಗೊಳ್ಳಿ.

ನಿಮ್ಮ ಹೊಸ ಗಾಡಿಯಲ್ಲಿ ಈ ತರ ಪತ್ತೆಯಾಗದ ತೊಂದರೆ ಇದ್ದರೆ, ಒಂದು ವಾರ ದಿನವಹಿ ಬರೆದು ಅದನ್ನ ನನಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮೆಕ್ಯಾನಿಕ್ ಒಬ್ಬರನ್ನ ಕೂರಿಸಿಕೊಂಡು ಅವನ್ನೇ ಓದೋಣ. ಹೆಲ್ಮೆಟ್ ಹಾಕ್ಕೊಂಡು ಹುಷಾರಾಗಿ ಓಡಿಸಿ.