ಗಾಳಿಯೂ ಬೆಂಕಿಯೂ: ಹೊಲದಲ್ಲಿ ಕಸಕಡ್ಡಿಯನ್ನು ಸುಡುವಾಗ ವಹಿಸತಕ್ಕ ಎಚ್ಚರಿಕೆಗಳು

(ರೈತರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ, ಮೊದಲ ಮಳೆ ಬೀಳುವವರೆಗೆ, ಹೊಲದ ಕೂಳೆ, ಕಬ್ಬಿನ ಸೋಗೆ, ಬದುಗಳ ಒಣಹುಲ್ಲು, ಬೇಲಿಯ ಮುಳ್ಳುಕಂಟಿ ಮುಂತಾದುವನ್ನು ಸುಡುವ ರೂಢಿಯು ನಾಡಿನಲ್ಲಿ ಬಹುಕಾಲದಿಂದ ಉಂಟು. ಇದೇ ಕಾಲದಲ್ಲಿ ಊರ ಹೊರಗೆ ಹುಲ್ಲಿನ ಬಣವೆಗಳು ಸಾಲಾಗಿ ನಿಂತಿರುತ್ತವೆ. ಒಂದು ಬಣವೆಗೆ ಕಿಡಿ ತಗುಲಿದರೆ ಮುಂದಿನ ಮಳೆಗಾಲದವರೆಗೆ ದನಗಳಿಗೆ ಬೇಕಾದ ಮೇವು ಒಂದು ಗಳಿಗೆಯಲ್ಲಿ ಬೂದಿಯಾಗುವುದು. ಕೈಯಲ್ಲಿದ್ದ ಬೆಂಕಿಯನ್ನು ಕೈಮೀರಿಸುವುದು ಬಹುಮಟ್ಟಿಗೆ ಗಾಳಿಯೇ. ಆದುದರಿಂದ ಗಾಳಿಯ ಸ್ವಭಾವವನ್ನರಿಯದೆ ಕಡ್ಡಿ ಗೀರುವುದು ಸಲ್ಲದು.

ಗಾಳಿಯು ಮಾಡುವ ಕೆಲಸ

ಗಾಳಿಯು ಬೆಂಕಿಗೆ ಮೂರು ವಿಧದಲ್ಲಿ ನೆರವಾಗುವುದು. ಮೊದಲನೆಯದಾಗಿ, ಉರಿಯಲು ಬೇಕಾದ ಆಮ್ಲಜನಕವನ್ನು ತಿದಿಯೂದಿದಂತೆ ಒದಗಿಸುವುದು. ಎರಡನೆಯದಾಗಿ, ಜ್ವಾಲೆಯನ್ನು ಮುಂದಕ್ಕೆ ಬಾಗಿಸಿ, ಇನ್ನೂ ಹತ್ತದಿರುವ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದು. ಮೂರನೆಯದಾಗಿ, ಕಿಡಿಗಳನ್ನು ಹೊತ್ತುಕೊಂಡು ಹೋಗಿ ದೂರದಲ್ಲಿ ಹೊಸ ಬೆಂಕಿಯನ್ನೆಬ್ಬಿಸುವುದು. ಈ ಮೂರನೆಯದೇ ಎಲ್ಲಕ್ಕಿಂತ ಅಪಾಯಕರವಾದುದು. ಏಕೆಂದರೆ ಬದುವೂ ದಾರಿಯೂ ಹಾರುವ ಕಿಡಿಯನ್ನು ತಡೆಯಲಾರವು.

ಗಾಳಿಯಲ್ಲಿ ಬೆಂಕಿಯು ಉದ್ದವಾಗಿ ಹರಿಯುವುದು; ಅದರ ತಲೆ ವೇಗವಾಗಿಯೂ ಪಕ್ಕಗಳು ನಿಧಾನವಾಗಿಯೂ ಮುಂದುವರಿಯುವುವು. ಗಾಳಿ ಥಟ್ಟನೆ ದಿಕ್ಕು ತಿರುಗಿದರೆ, ಉದ್ದವಾದ ಪಕ್ಕವೇ ತಲೆಯಾಗಿ ಮಾರ್ಪಡುವುದು. ಪಕ್ಕದಲ್ಲಿ ನಿಂತು ಬೆಂಕಿಯನ್ನು ಬಡಿಯುತ್ತಿದ್ದವರು ಸಿಕ್ಕಿಕೊಳ್ಳುವುದು ಆಗಲೇ. ಇಳಿಜಾರಿನಲ್ಲಿ ಬೆಂಕಿಯು ಮೇಲ್ಮುಖವಾಗಿ ಇನ್ನೂ ಬೇಗ ಏರುವುದರಿಂದ, ಉರಿಯುತ್ತಿರುವ ಜಾಗದ ಮೇಲ್ಗಡೆ ಯಾರೂ ನಿಲ್ಲಕೂಡದು.

2019ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಬಂಡೀಪುರದ ಅರಣ್ಯದಲ್ಲಿ ಎದ್ದ ಬೆಂಕಿಯು, ಒಣಗಿದ ಲಂಟಾನದ ಪೊದೆಗಳನ್ನು ಹಿಡಿದು, ಗಾಳಿಯ ಬಲದಿಂದ ಕೆಲವೇ ದಿನಗಳಲ್ಲಿ ಸಾವಿರಾರು ಎಕರೆಗಳನ್ನು ವ್ಯಾಪಿಸಿತು. ಅದನ್ನಾರಿಸಲು ವಾಯುಪಡೆಯ ಹೆಲಿಕಾಪ್ಟರುಗಳೇ ನೀರು ಹೊತ್ತು ಬರಬೇಕಾಯಿತು.

ಹೊತ್ತನ್ನೂ ಗಾಳಿಯನ್ನೂ ನೋಡುವ ಬಗೆ

ಗಾಳಿಯನ್ನಳೆಯಲು ಯಂತ್ರ ಬೇಕಾಗಿಲ್ಲ. ಮುಖಕ್ಕೆ ಗಾಳಿ ತಾಗಿ ಎಲೆಗಳು ಸರಸರನೆ ಸದ್ದು ಮಾಡಿದರೆ ಅದರ ವೇಗ ಗಂಟೆಗೆ ಸುಮಾರು 6ರಿಂದ 11 ಕಿಲೋಮೀಟರು. ಎಲೆಗಳೂ ಸಣ್ಣ ಕಡ್ಡಿಗಳೂ ಎಡೆಬಿಡದೆ ಅಲುಗುತ್ತಿದ್ದರೆ 12ರಿಂದ 19 ಕಿಲೋಮೀಟರು. ಆಗ ಬೆಂಕಿ ಹಚ್ಚುವುದನ್ನು ಬಿಡುವುದೇ ಲೇಸು. ಧೂಳೆದ್ದು ಚಿಕ್ಕ ಕೊಂಬೆಗಳು ತೂಗಿದರೆ 20 ಕಿಲೋಮೀಟರಿಗೆ ಮೀರಿತೆಂದು ತಿಳಿದು, ಒಲೆಯ ಕೆಂಡವನ್ನೂ ಹೊರಗೆ ಚೆಲ್ಲಕೂಡದು. ಗಾಳಿಯೇ ಇಲ್ಲದಿರುವುದೂ ಒಳ್ಳೆಯದಲ್ಲ. ಮುಂದೆ ಅದು ಯಾವ ದಿಕ್ಕಿನಿಂದ ಏಳುವುದೆಂಬುದು ಆಗ ತಿಳಿಯದು. ಒಂದೇ ದಿಕ್ಕಿನಿಂದ ಮೆಲ್ಲನೆ ಬೀಸುವ ಗಾಳಿಯೇ ಉತ್ತಮ.

ಇಬ್ಬನಿ ಆರಿದ ಬೆಳಗಿನ ಹೊತ್ತು ಕೆಲಸಕ್ಕೆ ತಕ್ಕುದು, ಬಿಸಿಲೇರುವುದರೊಳಗಾಗಿ ಮುಗಿಸತಕ್ಕದ್ದು. ಮಧ್ಯಾಹ್ನದಲ್ಲಿ ಹುಲ್ಲು ಗರಿಗರಿಯಾಗಿ ಒಣಗಿರುವುದಲ್ಲದೆ ಸುಂಟರಗಾಳಿಯೂ ಏಳುವುದು. ರಾತ್ರಿ ಸುಟ್ಟರೆ ಹೊಗೆಯು ಮೇಲೇರದೆ ಊರಿನ ಮೇಲೆ ಕವಿದುಕೊಳ್ಳುವುದು. ಅಶ್ವಿನಿ ಭರಣಿ ಮಳೆಗಳ ಕಾಲದಲ್ಲಿ ಮೋಡ ಕಟ್ಟಿ ಗುಡುಗಿದರೆ, ಮಳೆಗೆ ಮುಂಚೆ ನುಗ್ಗುವ ಬಿರುಗಾಳಿ ದಿಕ್ಕನ್ನೇ ಬದಲಿಸೀತು. ಮಳೆ ಬಂದು ಬೆಂಕಿ ಆರೀತೆಂದು ಅಂಥ ದಿನ ಸುಡುವುದು ಮೋಸ ಹೋಗುವ ದಾರಿ.

ಸುಡುವ ಕ್ರಮ

ಮೊದಲು ಸುತ್ತಲೂ ಕನಿಷ್ಠ 10–12 ಅಡಿ ಅಗಲದ ಪಟ್ಟಿಯನ್ನು ಉತ್ತು, ಹುಲ್ಲುಕಡ್ಡಿಯಿಲ್ಲದಂತೆ ಮಾಡತಕ್ಕದ್ದು. ಎತ್ತರವಾದ ಹುಲ್ಲಿದ್ದರೆ ಪಟ್ಟಿ ಇನ್ನೂ ಅಗಲವಾಗಿರಬೇಕು. ನೆರೆಹೊಲದವರಿಗೆ ಮುಂಚಿತವಾಗಿ ತಿಳಿಸಿ, ನೀರು, ಹಸಿಸೊಪ್ಪಿನ ಕೊಂಬೆ, ಗುದ್ದಲಿಗಳೊಡನೆ ನಾಲ್ಕಾರು ಜನರನ್ನು ಸಿದ್ಧವಾಗಿರಿಸಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವಂತೆ ಆಗಬಾರದು.

ಗಾಳಿ ಹೋಗುವ ಕಡೆಯ ಅಂಚಿನಲ್ಲಿ ಮೊದಲು ಬೆಂಕಿಯಿಡತಕ್ಕದ್ದು. ಆಗ ಅದು ಗಾಳಿಗೆ ಎದುರಾಗಿ, ಕುಳ್ಳಾದ ಜ್ವಾಲೆಯಿಂದ ಮೆಲ್ಲನೆ ಹಿಂದಕ್ಕೆ ಸುಡುತ್ತಾ ಬರುವುದು. ಹೀಗೆ ಸಾಕಷ್ಟು ಅಗಲ ಕರಿನೆಲವಾದ ಮೇಲೆ ಪಕ್ಕಗಳಿಗೂ, ಕಟ್ಟಕಡೆಗೆ ಗಾಳಿ ಬರುವ ಕಡೆಗೂ ಹಚ್ಚಬಹುದು. ಕ್ರಮವನ್ನು ತಲೆಕೆಳಗು ಮಾಡಿದರೆ ಬೆಂಕಿಯು ಕುದುರೆಯಂತೆ ಓಡಿ ಪಟ್ಟಿಯನ್ನು ದಾಟೀತು. ಬಣವೆ, ಗುಡಿಸಲು, ಅರಣ್ಯದ ಎಲ್ಲೆ ಇವು ಗಾಳಿ ಹೋಗುವ ಕಡೆಯಲ್ಲಿದ್ದರೆ ಆ ದಿನ ಸುಡಲೇಕೂಡದು. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಕಾನೂನಿನಂತೆ ಅಪರಾಧವೂ ಹೌದು. ಬೆಂಕಿ ಕೈಮೀರುವ ಸೂಚನೆ ಕಂಡೊಡನೆ ತಡಮಾಡದೆ 101 ಅಥವಾ 112ಕ್ಕೆ ದೂರವಾಣಿಯಲ್ಲಿ ತಿಳಿಸತಕ್ಕದ್ದು.

ಸುಟ್ಟ ಮೇಲೆ ಬೂದಿಯನ್ನು ಕೆದಕಿ, ನೀರೆರೆದು, ಮಣ್ಣು ಮುಚ್ಚಬೇಕು. ಮರದ ಬೊಡ್ಡೆಯೂ ಒಣ ಸಗಣಿಯೂ ದಿನಗಟ್ಟಲೆ ಕೆಂಡವನ್ನು ಅಡಗಿಸಿಕೊಂಡಿರಬಲ್ಲವು. ಮರುದಿನದ ಗಾಳಿ ಅದನ್ನೇ ಎಬ್ಬಿಸೀತು.

ಸುಡದಿರುವುದರ ಲಾಭ

ಒಂದು ಟನ್ನು ಭತ್ತದ ಹುಲ್ಲನ್ನು ಸುಟ್ಟರೆ ಸುಮಾರು 5.5 ಕಿಲೋಗ್ರಾಂ ಸಾರಜನಕ ಕೈಬಿಟ್ಟು ಹೋಗುವುದು. ಕಬ್ಬಿನ ಸೋಗೆಯನ್ನು ಸಾಲುಗಳ ನಡುವೆ ಹರಡಿದರೆ ನೆಲದ ತೇವ ಉಳಿಯುವುದು. ಕಸಕಡ್ಡಿಯನ್ನು ಗುಂಡಿಯಲ್ಲಿ ಕೊಳೆಯಿಸಿದರೆ ಗೊಬ್ಬರ ದೊರೆಯುವುದು. ರೋಗ ತಗುಲಿದ ಕಸ, ಮುಳ್ಳುಕಂಟಿಗಳಂತಹ ಅನಿವಾರ್ಯವಾದವನ್ನು ಸುಡಬೇಕಾದಾಗಲೂ, ಸ್ಥಳದ ನಿಯಮಗಳನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಊರಿನ ಹಿರಿಯರು ಪ್ರತಿವರ್ಷವೂ ಬೇಸಗೆಗೆ ಮುಂಚೆ ಜನರನ್ನು ಕೂಡಿಸಿ ಈ ಸಂಗತಿಗಳನ್ನು ತಿಳಿಯಹೇಳುವುದು ಅವಶ್ಯ. ಒಬ್ಬನ ಹೊಲದಲ್ಲಿ ಹೊತ್ತಿದ ಬೆಂಕಿಗೆ ಗಾಳಿಯ ದೆಸೆಯಿಂದ ಊರೆಲ್ಲವೂ ನೆರೆಯೇ ಆಗುವುದು.