‘ಜಾಣೆ’ ಅಂದಿದ್ದೇ ತಪ್ಪಾಯ್ತಾ?

ಇವತ್ತು ನಮ್ಮನೆ ವಿಷಯದಿಂದಲೇ ಶುರು ಮಾಡ್ತೀನಿ.

ನನ್ನ ಮಗಳು ಮೂರನೇ ಕ್ಲಾಸು. ಹೋದ ತಿಂಗಳು ಅವಳ ಬ್ಯಾಗ್ ಕ್ಲೀನ್ ಮಾಡುವಾಗ ತಳದಲ್ಲಿ ನಾಲ್ಕಾಗಿ ಮಡಚಿಟ್ಟ ಗಣಿತದ ಪೇಪರ್ ಸಿಕ್ತು. 25ಕ್ಕೆ 11. ‘ಯಾಕಮ್ಮ ತೋರಿಸಲಿಲ್ಲ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಇದನ್ನ ನೋಡಿದ್ರೆ ನೀನು ನನ್ನ ಜಾಣೆ ಅನ್ನಲ್ಲ ಅಲ್ವಾ ಅಪ್ಪ?’

ಬೈಗುಳಕ್ಕೆ ಹೆದರಿದ್ದರೆ ಅರ್ಥ ಆಗ್ತಿತ್ತು. ನಾನು ಬೈಯೋನೇ ಅಲ್ಲ. ಹೊಗಳಿಕೆ ಕೈತಪ್ಪುತ್ತೆ ಅಂತ ಹೆದರಿದ್ದಳು!

ಆಮೇಲೆ ಹುಡುಕಿ ಓದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೋಲ್ ಡ್ವೆಕ್ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದನೇ ಕ್ಲಾಸಿನ ಮಕ್ಕಳಿಗೆ ಆಕೃತಿಗಳ ಒಗಟು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ಚೆನ್ನಾಗಿ ಕಷ್ಟಪಟ್ಟಿದ್ದೀಯ’ ಅಂದರು. ವ್ಯತ್ಯಾಸ ಅಷ್ಟೇ. ನಂತರ ಕಷ್ಟದ ಒಗಟು ಕೊಟ್ಟಾಗ ಎಲ್ಲರೂ ಎಡವಿದರು. ಮತ್ತೆ ಮೊದಲಿನಂಥದ್ದನ್ನೇ ಕೊಟ್ಟರೆ, ಬುದ್ಧಿವಂತ ಅನ್ನಿಸಿಕೊಂಡವರ ಅಂಕ ಇಳಿದಿತ್ತು, ಉಳಿದವರದು ಏರಿತ್ತು. ನಿಮ್ಮ ಅಂಕ ಎಷ್ಟು ಅಂತ ಬೇರೆ ಶಾಲೆಯ ಮಕ್ಕಳಿಗೆ ಬರೆದು ತಿಳಿಸಿ ಅಂದಾಗ, ಹೆಚ್ಚಿಸಿ ಬರೆದವರೂ ‘ಬುದ್ಧಿವಂತ’ರ ಗುಂಪಿನಲ್ಲೇ ಜಾಸ್ತಿ. ಆ ಮಡಚಿದ ಪೇಪರ್ ಕಣ್ಮುಂದೆ ಬಂತು.

ಹಾಗಂತ ಹೊಗಳಲೇಬಾರದು ಅಂತಲ್ಲ. ದೃಷ್ಟಿ ಆಗುತ್ತೆ ಅಂತ ನಮ್ಮಜ್ಜಿ ಬಾಯಿಬಿಟ್ಟು ಹೊಗಳ್ತಾನೇ ಇರಲಿಲ್ಲ. ನನ್ನ ಕೆನ್ನೆ ಸವರಿ, ತಮ್ಮ ಹಣೆಯ ಎರಡೂ ಪಕ್ಕ ನೆಟಿಗೆ ಮುರೀತಿದ್ರು. ಆ ಲಟಲಟ ಕೇಳಿದ್ರೆ ಸಾಕು, ನಂಗೆ ಪದಕ ಸಿಕ್ಕಂಗೆ. ಅದಕ್ಕೆ ಮಾರ್ಕ್ಸ್ ಕಾರ್ಡ್ ತೋರಿಸಬೇಕಿರಲಿಲ್ಲ. ನಾನೋ, ಮಗಳು ಚಿತ್ರ ತಂದ್ರೆ ಮೊಬೈಲಿಂದ ಕಣ್ಣು ತೆಗೀದೇ ‘ಸೂಪರ್ ಪುಟ್ಟಿ’ ಅಂತಿದ್ದೆ.

ಈಗ ಫೋನ್ ಮಗುಚಿಟ್ಟು ನೋಡ್ತೀನಿ. ಕಂಡಿದ್ದನ್ನೇ ಹೇಳ್ತೀನಿ: ‘ಆನೆ ಕಾಲನ್ನ ಎಷ್ಟು ಸಲ ಅಳಿಸಿ ಬರೆದಿದ್ದೀಯಲ್ಲ!’ ಮೊದಮೊದಲು ಬಾಯಿಗೆ ಬರಲ್ಲ, ನಾಟಕ ಆಡ್ತಿದ್ದೀನಿ ಅನ್ಸುತ್ತೆ. ನನಗೂ ಇನ್ನೂ ಒಮ್ಮೊಮ್ಮೆ ‘ಜಾಣೆ’ ಅಂತ ಜಾರಿಬಿಡುತ್ತೆ.

ಆ ಪೇಪರನ್ನ ಇಬ್ಬರೂ ಕೂತು ನೋಡಿದ್ವಿ. ದಶಕ ತಗೊಂಡು ಕಳೆಯೋ ಲೆಕ್ಕ ಒಂದು ಬಿಟ್ಟು ಎಲ್ಲಾ ತಪ್ಪು. ‘ಈ ಒಂದನ್ನ ಹೆಂಗೆ ಮಾಡ್ದೆ?’ ಅಂದೆ. ಬೆರಳು ಮಡಚಿ ಮಡಚಿ ವಿವರಿಸೋಕೆ ಶುರು ಮಾಡಿದಳು.

ಮೊನ್ನೆ ಇನ್ನೊಂದು ಟೆಸ್ಟ್ ಆಯ್ತು. 25ಕ್ಕೆ 13. ಬಾಗಿಲಲ್ಲೇ, ಶೂ ಬಿಚ್ಚೋಕೂ ಮುಂಚೆ, ಬ್ಯಾಗಿಂದ ತೆಗೆದು ನನ್ನ ಕೈಗೆ ಕೊಟ್ಟಳು.