ಸಾಂಕ್ರಾಮಿಕದ ದಿನಗಳು ಮತ್ತು ನರವೈವಿಧ್ಯವುಳ್ಳ ನೌಕರರು
(ಚೆಂಬೂರಿನ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸ)



ಕೋವಿಡ್ ಸಾಂಕ್ರಾಮಿಕವು ದುಡಿಯುವವರೆಲ್ಲರನ್ನೂ ಬಾಧಿಸಿತು. ಆದರೆ ಸ್ವಲೀನತೆ, ಗಮನದ ಕೊರತೆ, ಡಿಸ್ಲೆಕ್ಸಿಯಾ ಮುಂತಾದ ಸ್ಥಿತಿಗಳೊಡನೆ ಬದುಕುವ ನೌಕರರ ಅನುಭವ ತುಸು ಬೇರೆಯೇ ಆಗಿತ್ತು. ಲೋಕವನ್ನು ಗ್ರಹಿಸುವ ಇವರ ರೀತಿ ಭಿನ್ನವಾದುದರಿಂದ ಇವರನ್ನು ನರವೈವಿಧ್ಯವುಳ್ಳವರೆಂದು ಕರೆಯುವ ರೂಢಿ ಈಚೆಗೆ ಬಂದಿದೆ. ಇದು ಬುದ್ಧಿಯ ಅಳತೆಯಲ್ಲ.

ಚೆಂಬೂರಿನವರಿಗೆ ಲೋಕಲ್ ಗಾಡಿಯ ವಿಷಯವನ್ನು ವಿವರಿಸಬೇಕಾಗಿಲ್ಲ. ಹಾರ್ಬರ್ ಮಾರ್ಗದಲ್ಲಿ ದಿನವೂ ಅದೇ ಗಾಡಿ, ಅದೇ ಡಬ್ಬಿ, ಅದೇ ಬಾಗಿಲು ಎಂಬ ಕ್ರಮ ನಮಗೆ ಬರಿಯ ಅಭ್ಯಾಸ. ಸ್ವಲೀನತೆಯುಳ್ಳ ಅನೇಕರಿಗೆ ಅದು ದಿನದ ಆಧಾರ. 2020ರ ಮಾರ್ಚಿಯಲ್ಲಿ ಗಾಡಿಗಳು ನಿಂತವು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ ಓಡಿದವು. 2021ರ ಫೆಬ್ರವರಿ 1ರಂದು ಸಾರ್ವಜನಿಕರಿಗೆ ಪ್ರವೇಶ ದೊರೆತಾಗಲೂ ಬೆಳಿಗ್ಗೆ 7ರ ಒಳಗೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ನಂತರ ಎಂಬ ಕಟ್ಟಳೆಯಿತ್ತು. ಏಪ್ರಿಲಿನಲ್ಲಿ ಅದೂ ರದ್ದಾಯಿತು. ಆಗಸ್ಟ್ 15ರಿಂದ ಎರಡು ಡೋಸ್ ಲಸಿಕೆ ಪಡೆದವರಿಗೆ ಅವಕಾಶವಾಯಿತು. ಒಂದೂವರೆ ವರ್ಷದಲ್ಲಿ ಇಷ್ಟು ಬಾರಿ ಬದಲಾದ ನಿಯಮಗಳಿಗೆ ನಾವು ಗೊಣಗುತ್ತಲೇ ಹೊಂದಿಕೊಂಡೆವು. ಕ್ರಮ ತಪ್ಪಿದರೆ ಕಂಗೆಡುವವನಿಗೆ ಪ್ರತಿಯೊಂದು ಬದಲಾವಣೆಯೂ ಹೊಸ ಆಘಾತವೇ. ಮುಖಗವಸಿನ ದಾರ ಕಿವಿಗೆ ಒತ್ತುವುದನ್ನೇ ಸಹಿಸಲಾರದವರೂ ಅವರಲ್ಲಿದ್ದರು.

ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಕೆಲವರಿಗೆ ವರವಾಯಿತೆಂಬುದನ್ನು ಮರೆಯಬಾರದು. ಕಚೇರಿಯ ಗದ್ದಲವಿಲ್ಲ, ಮಿಣುಕುವ ಟ್ಯೂಬ್‌ಲೈಟಿಲ್ಲ. ಸೂಚನೆಗಳು ಬಾಯಿಮಾತಿನಲ್ಲಿ ಹಾರಿಹೋಗದೆ ಬರಹದಲ್ಲಿ ಬಂದವು. ಆದರೆ ಒಂದೇ ಖೋಲಿಯಲ್ಲಿ ಐವರು ಇರುವ ಮನೆಯಲ್ಲಿ, ಕುಕ್ಕರಿನ ಸೀಟಿ, ಮಕ್ಕಳ ಪಾಠಗಳ ನಡುವೆ, ಗಮನದ ಕೊರತೆಯುಳ್ಳವನು ಏನು ಮಾಡಿಯಾನು? ಕಚೇರಿಯೇ ಅವನ ಚಿತ್ತಕ್ಕೆ ಬೇಲಿಯಾಗಿತ್ತು. ಆದುದರಿಂದ ಎಲ್ಲರಿಗೂ ಒಂದೇ ಆದೇಶ ಹೊರಡಿಸುವುದು ಉಚಿತವಲ್ಲ; ಆಯಾ ನೌಕರನನ್ನೇ ಕೇಳಿ ತಿಳಿಯುವುದು ಲೇಸು.

2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಇದನ್ನೇ ಸಮುಚಿತ ಹೊಂದಾಣಿಕೆ ಎನ್ನುತ್ತದೆ. ವ್ಯಕ್ತಿಯ ಅಗತ್ಯವನ್ನು ನೋಡಿಯೇ ಇದನ್ನು ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ, ವಿಕಾಶ್ ಕುಮಾರ್ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. ಅಧಿನಿಯಮದ 21 ವಿಕಲತೆಗಳಲ್ಲಿ ಸ್ವಲೀನತೆಯೂ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿವೆ. ಗಮನದ ಕೊರತೆ ಹೆಸರಿನಿಂದ ಸೇರಿಲ್ಲ. ಅಂಥವರ ಪಾಡು ಬಹುಮಟ್ಟಿಗೆ ಮೇಲಧಿಕಾರಿಯ ಸೌಜನ್ಯವನ್ನೇ ಅವಲಂಬಿಸಿರುವುದು ದೊಡ್ಡ ಕೊರತೆಯೇ ಸರಿ. ಸರ್ಕಾರಿ ಹುದ್ದೆಗಳ ಶೇಕಡಾ 4ರ ಮೀಸಲಾತಿಯಲ್ಲಿ ಶೇಕಡಾ 1 ಭಾಗವು ಸ್ವಲೀನತೆ, ಬೌದ್ಧಿಕ ವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಹಾಗೂ ಬಹುವಿಕಲತೆಯುಳ್ಳವರಿಗೆ ಮೀಸಲಾಗಿದೆ. ಸರ್ಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ಆಲಿಸುವ ಅಧಿಕಾರಿಯೊಬ್ಬರನ್ನು ನೇಮಿಸಿರಬೇಕು. ಖಾಸಗಿಯವರೂ ಸಮಾನಾವಕಾಶ ನೀತಿಯನ್ನು ಪ್ರಕಟಿಸಬೇಕು. ಅದರ ಪ್ರತಿಯನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಪ್ರಮಾಣಪತ್ರಕ್ಕೂ ಗುರುತಿನ ಚೀಟಿಗೂ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ದೂರುಗಳನ್ನು ಪುಣೆಯಲ್ಲಿರುವ ರಾಜ್ಯ ಆಯುಕ್ತರಿಗೆ, ಕೇಂದ್ರ ಸರ್ಕಾರದ ಕಚೇರಿಗಳಿಗೆ ಸಂಬಂಧಿಸಿದವಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ ಬರೆಯಬೇಕು.